ಬ್ಯಾಕಪ್ ಫೈಲಿನೊಳಗೆ ಇಲ್ಲದ್ದು

(ಬೆಂಗಳೂರಿನ ಜಯನಗರದಲ್ಲಿ ಡೇಟಾಬೇಸ್ ನೋಡಿಕೊಳ್ಳುವವರ ಎದುರು ಆಡಿದ ಮಾತು. ಧ್ವನಿಮುದ್ರಣದಿಂದ ಬರಹಕ್ಕಿಳಿಸಿದ್ದು.)

ಇಲ್ಲಿ ಕೂತಿರುವ ಹೆಚ್ಚಿನವರಿಗೆ ಬೆಳಗಾಗುವಷ್ಟರಲ್ಲಿ ಒಂದು ಮೇಲ್ ಬಂದಿರುತ್ತದೆ. ರಾತ್ರಿಯ ಬ್ಯಾಕಪ್ ಸರಿಯಾಗಿ ಮುಗಿದಿದೆ ಅಂತ. ಮೆಟ್ರೊದಲ್ಲಿ ನಿಂತುಕೊಂಡೇ ಅದನ್ನು ನೋಡಿ ಮುಂದಕ್ಕೆ ಸರಿಸಿಬಿಡುತ್ತೀರಿ. ಆ ಮೇಲ್ ಯಾವುದಕ್ಕೆ ಹೊಣೆ ಹೊರುತ್ತದೆ, ಯಾವುದಕ್ಕೆ ಹೊರುವುದಿಲ್ಲ ಎನ್ನುವುದೇ ಇವತ್ತಿನ ವಿಷಯ.

ಈ ಕೆಲಸವನ್ನು ಬಹುಕಾಲ ಹತ್ತಿರದಿಂದ ನೋಡಿದ ಮೇಲೆ ನನಗೆ ಖಚಿತವಾಗಿರುವ ಸಂಗತಿ ಒಂದಿದೆ. ಬ್ಯಾಕಪ್ ಸಾಫ್ಟ್‌ವೇರ್ ಟೇಬಲ್ಲಿನ ಸಾಲುಗಳನ್ನೇ ಕಳೆದುಹಾಕುವುದು ಅಪರೂಪ. ಆ ಸಾಲುಗಳ ಸುತ್ತ ಇದ್ದದ್ದನ್ನು ಅದು ಹೊತ್ತು ತರುವುದಿಲ್ಲ. ಯೂಸರ್‌ಗಳು, ಅವರ ಅನುಮತಿಗಳು, ಅಕ್ಷರಗಳ ಎನ್‌ಕೋಡಿಂಗ್, ಅಕಾರಾದಿ ಜೋಡಿಸುವ ಲೈಬ್ರರಿ, ಸರ್ವರಿನ ಗಡಿಯಾರ, ಎನ್‌ಕ್ರಿಪ್ಶನ್ ಕೀ, ಸಾಫ್ಟ್‌ವೇರಿನ ಆವೃತ್ತಿ, ಇವೆಲ್ಲ ಬ್ಯಾಕಪ್ ಫೈಲಿನ ಹೊರಗೇ ಉಳಿಯುತ್ತವೆ. ರಿಸ್ಟೋರ್, ಅಂದರೆ ಬ್ಯಾಕಪ್ಪಿನಿಂದ ಡೇಟಾವನ್ನು ಮತ್ತೆ ಎಬ್ಬಿಸುವುದು, ಕೈಕೊಡುವುದು ಬಹುಪಾಲು ಅಲ್ಲೇ. ಮತ್ತೆ ಇವು ಯಾವುವೂ ಗುಟ್ಟಲ್ಲ. ಆಯಾ ಸಾಫ್ಟ್‌ವೇರಿನ ಕೈಪಿಡಿಯಲ್ಲಿ, ರಿಲೀಸ್ ನೋಟ್‌ಗಳಲ್ಲಿ ಬರೆದಿಟ್ಟಿರುವ ತೊಂದರೆಗಳೇ. ನಾವು ಓದುವ ಹೊತ್ತಿಗೆ ತಡವಾಗಿರುತ್ತದೆ, ಅಷ್ಟೇ.

ಮೊದಲು ಚಿಕ್ಕದೊಂದು. ಎಲ್ಲರ ಕ್ರಾನ್‌ನಲ್ಲೂ, ಅಂದರೆ ಹೊತ್ತಿಗೆ ಸರಿಯಾಗಿ ಕೆಲಸ ಓಡಿಸುವ ಪಟ್ಟಿಯಲ್ಲೂ, ಇರುವ ಸಾಲು ಇದು: ಮೈಎಸ್‌ಕ್ಯೂಎಲ್ ಡೇಟಾಬೇಸನ್ನು ಪಠ್ಯದ ಫೈಲಾಗಿ (ಅದೇ ಡಂಪ್) ಬರೆಯುವ ಮೈಎಸ್‌ಕ್ಯೂಎಲ್‌ಡಂಪ್ ಓಡಿಸಿ, ಅದರ ಔಟ್‌ಪುಟ್ಟನ್ನು ಪೈಪ್ ಮಾಡಿ, ಫೈಲ್ ಕುಗ್ಗಿಸುವ ಜಿಜಿಪ್‌ಗೆ ಕೊಡುವುದು. ಡಂಪ್ ಅರ್ಧದಲ್ಲಿ ಸತ್ತಿತು ಅಂದುಕೊಳ್ಳಿ. ಜಿಜಿಪ್‌ಗೆ ಅದು ಗೊತ್ತಾಗುವುದಿಲ್ಲ. ಬಂದಷ್ಟನ್ನು ಅಚ್ಚುಕಟ್ಟಾಗಿ ಕುಗ್ಗಿಸಿ ಸೊನ್ನೆ, ಅಂದರೆ ಯಶಸ್ಸು ಎಂದು, ಹಿಂತಿರುಗಿಸುತ್ತದೆ. ಬ್ಯಾಶ್ ಶೆಲ್ ನೋಡುವುದು ಪೈಪಿನ ಕೊನೆಯ ಆದೇಶದ ಫಲಿತಾಂಶವನ್ನು ಮಾತ್ರ. ಹಾಗಾಗಿ ನಿಮಗೆ ಬರುವುದು ಯಶಸ್ಸಿನ ಮೇಲ್. ಇದಕ್ಕೆ ಎರಡು ಉಪಾಯ ಇವೆ, ಎರಡನ್ನೂ ಮಾಡಿ. ಸ್ಕ್ರಿಪ್ಟಿನ ತಲೆಯಲ್ಲಿ, ಪೈಪಿನ ಯಾವ ಆದೇಶ ಸೋತರೂ ಸೋಲು ಎನ್ನುವ ಪೈಪ್‌ಫೇಲ್ ಆಯ್ಕೆಯನ್ನು ಆನ್ ಮಾಡಿ. ಆಮೇಲೆ ಡಂಪಿನ ಕೊನೆಯ ಸಾಲನ್ನು ಓದಿಸಿ. ಮೈಎಸ್‌ಕ್ಯೂಎಲ್‌ಡಂಪ್ ಪೂರ್ತಿ ಮುಗಿದರೆ ಮಾತ್ರ ಕೊನೆಗೆ 'ಡಂಪ್ ಕಂಪ್ಲೀಟೆಡ್' ಎಂಬ ಟಿಪ್ಪಣಿಯನ್ನು ಬರೆಯುತ್ತದೆ. ಟಿಪ್ಪಣಿ ಬೇಡ ಎನ್ನುವ ಆಯ್ಕೆಯನ್ನು ನೀವೇ ಕೊಟ್ಟಿದ್ದರೆ ಆ ಸಾಲು ಬರುವುದಿಲ್ಲ, ಅದನ್ನು ತೆಗೆದುಹಾಕಿ.

ಅದೇ ಉಪಕರಣದ ಇನ್ನೆರಡು ಮಾತು. ಡೇಟಾಬೇಸಿನೊಳಗೇ ಬರೆದಿಟ್ಟ ಸ್ಟೋರ್ಡ್ ಪ್ರೊಸೀಜರ್‌ಗಳೂ ಹೊತ್ತಿಗೆ ಓಡುವ ಈವೆಂಟ್‌ಗಳೂ ನೀವು ಕೇಳದೆ ಡಂಪಿಗೆ ಬರುವುದಿಲ್ಲ. ಸಾಲು ಬದಲಾದಾಗ ಓಡುವ ಟ್ರಿಗರ್‌ಗಳು ಮಾತ್ರ ತಾವಾಗಿ ಬರುತ್ತವೆ. ರೂಟೀನ್ಸ್, ಈವೆಂಟ್ಸ್ ಎಂಬ ಎರಡು ಆಯ್ಕೆಗಳನ್ನು ಸೇರಿಸಿ. ಎರಡನೆಯದು, ಸಿಂಗಲ್ ಟ್ರಾನ್ಸಾಕ್ಷನ್ ಆಯ್ಕೆ ಒಂದೇ ಕ್ಷಣದ ಚಿತ್ರ ಕೊಡುವುದು ಇನ್ನೊಡಿಬಿ ಎಂಬ ಶೇಖರಣಾ ವಿಧಾನದ ಟೇಬಲ್ಲುಗಳಿಗೆ ಮಾತ್ರ. ಹಳೆಯ ಮೈಐಸ್ಯಾಮ್ ಟೇಬಲ್ ಒಂದು ಮೂಲೆಯಲ್ಲಿ ಉಳಿದಿದ್ದರೆ ಅದಕ್ಕೆ ಈ ಭರವಸೆ ಇಲ್ಲ. ಡಂಪ್ ನಡೆಯುವಾಗ ಯಾರಾದರೂ ಟೇಬಲ್ಲಿನ ರಚನೆ ಬದಲಿಸುವ ಆಲ್ಟರ್ ಟೇಬಲ್ ಓಡಿಸಿದರೆ 1412ನೇ ದೋಷ ಬಂದು ಡಂಪ್ ನಿಲ್ಲಬಹುದು. ರಾತ್ರಿ 2 ಗಂಟೆಗೆ ಡಿಪ್ಲಾಯ್‌ಮೆಂಟ್, 2 ಗಂಟೆಗೇ ಬ್ಯಾಕಪ್ ಇಟ್ಟುಕೊಂಡಿರುವ ತಂಡಗಳು ಈ ಊರಿನಲ್ಲಿ ಎಷ್ಟೋ ಇವೆ. ಎರಡರ ಸಮಯವನ್ನೂ ಒಂದೇ ಹಾಳೆಯಲ್ಲಿ ಬರೆದು ನೋಡಿ.

ಮೈಎಸ್‌ಕ್ಯೂಎಲ್‌ನಿಂದ ಕವಲೊಡೆದ ಮಾರಿಯಾಡಿಬಿ ಬಳಸುವವರು ಯಾರಿದ್ದೀರಿ? ಕೈ ಎತ್ತಿ. ಸುಮಾರು ಜನ ಇದ್ದೀರಿ. 2024ರ ಮೇ ತಿಂಗಳ ಬಿಡುಗಡೆಗಳಿಂದ, ಅಂದರೆ 10.5.25, 10.6.18, 10.11.8ರಿಂದ, ಅದರ ಡಂಪ್ ಫೈಲಿನ ಮೊದಲ ಸಾಲಿನಲ್ಲಿ 'ಸ್ಯಾಂಡ್‌ಬಾಕ್ಸ್ ಮೋಡ್' ಆನ್ ಮಾಡುವ ಆದೇಶ ಇರುತ್ತದೆ. ಭದ್ರತೆಯ ದೃಷ್ಟಿಯಿಂದ ಅದು ಒಳ್ಳೆಯದೇ. ಡಂಪ್ ಫೈಲಿನಲ್ಲಿ ಯಾರಾದರೂ ಶೆಲ್ ಆದೇಶ ತುರುಕಿದ್ದರೆ ಅದು ಓಡದಂತೆ ತಡೆಯುತ್ತದೆ. ಆದರೆ ಸರ್ವರಿಗೆ ಆದೇಶ ಕಳಿಸುವ ಹಳೆಯ ಕ್ಲೈಂಟಿಗೂ ಮೈಎಸ್‌ಕ್ಯೂಎಲ್‌ನ ಕ್ಲೈಂಟಿಗೂ ಆ ಸಾಲು ಅರ್ಥವಾಗದೆ, ಗೊತ್ತಿಲ್ಲದ ಆದೇಶ ಎಂದು ಮೊದಲ ಸಾಲಿನಲ್ಲೇ ರಿಸ್ಟೋರ್ ನಿಂತುಬಿಡುತ್ತದೆ. ಫೈಲ್ ಕೆಟ್ಟಿದೆ ಎಂದುಕೊಂಡು ಜನ ಕಂಗಾಲಾಗುತ್ತಾರೆ. ಫೈಲ್ ಚೆನ್ನಾಗಿಯೇ ಇದೆ. ಕ್ಲೈಂಟನ್ನು ಹೊಸದಕ್ಕೆ ಬದಲಿಸಿ. ಅದು ಆಗದಿದ್ದರೆ, ಫೈಲ್ ನಿಮ್ಮದೇ ಎಂಬ ಖಾತರಿ ಇದ್ದಾಗ, ಟೇಲ್ ಬಳಸಿ ಎರಡನೇ ಸಾಲಿನಿಂದ ಓದಿಸಿ.

ಈಗ ಪೋಸ್ಟ್‌ಗ್ರೆಸ್ ಎಂಬ ಇನ್ನೊಂದು ಡೇಟಾಬೇಸ್ ಸಾಫ್ಟ್‌ವೇರ್. ಅದರ ಡಂಪ್ ಉಪಕರಣ ಪಿಜಿ-ಡಂಪ್ ಒಂದು ಡೇಟಾಬೇಸನ್ನು ತೆಗೆದುಕೊಳ್ಳುತ್ತದೆ. ರೋಲ್‌ಗಳು (ಅಂದರೆ ಯೂಸರ್‌ಗಳು), ಪಾಸ್‌ವರ್ಡ್‌ಗಳು ಇಡೀ ಕ್ಲಸ್ಟರಿಗೆ, ಅಂದರೆ ಅಲ್ಲಿನ ಎಲ್ಲ ಡೇಟಾಬೇಸುಗಳಿಗೂ, ಸೇರಿದವು, ಹಾಗಾಗಿ ಅವು ಅದರಲ್ಲಿ ಇರುವುದಿಲ್ಲ. ಹೊಸ ಸರ್ವರಿನಲ್ಲಿ ರಿಸ್ಟೋರ್ ಮಾಡಿದಾಗ 'ಇಂಥ ರೋಲ್ ಇಲ್ಲ' ಎಂಬ ಸಾಲುಗಳು ಪರದೆಯ ತುಂಬ ಹರಿಯುತ್ತವೆ. ಪಿಜಿ-ಡಂಪ್‌ಆಲ್‌ಗೆ ಗ್ಲೋಬಲ್ಸ್ ಮಾತ್ರ ಎಂಬ ಆಯ್ಕೆ ಕೊಟ್ಟು ಪಡೆದ ಚಿಕ್ಕ ಫೈಲೊಂದನ್ನು ಪ್ರತಿ ಡಂಪಿನ ಜೊತೆಗೂ ಇಡಿ. ಅದರಲ್ಲಿ ಪಾಸ್‌ವರ್ಡುಗಳ ಹ್ಯಾಶ್ (ಗೂಢ ರೂಪ) ಇರುತ್ತದೆ, ಎಲ್ಲಿ ಇಡುತ್ತೀರಿ ಎಂದು ಯೋಚಿಸಿ ಇಡಿ.

ಇನ್ನೊಂದು ತೊಂದರೆ 2018ರ ಮಾರ್ಚ್‌ನಲ್ಲಿ ಬಂದದ್ದು. ಆಗ ಬಂದ ಭದ್ರತಾ ತಿದ್ದುಪಡಿಯಿಂದ ಡಂಪ್ ಫೈಲ್ ತನ್ನ ಸರ್ಚ್‌ಪಾತ್ ಅನ್ನು, ಅಂದರೆ ಟೇಬಲ್ಲಿನ ಹೆಸರನ್ನು ಯಾವ ಸ್ಕೀಮಾಗಳಲ್ಲಿ (ಟೇಬಲ್ಲುಗಳ ಗುಂಪುಗಳಲ್ಲಿ) ಹುಡುಕಬೇಕೆಂಬ ಪಟ್ಟಿಯನ್ನು, ಖಾಲಿ ಇಟ್ಟುಕೊಂಡು ಓಡುತ್ತದೆ. ನೀವು ಬರೆದ ಫಂಕ್ಷನ್ ಒಂದು, ಸ್ಕೀಮಾದ ಹೆಸರು ಹೇಳದೆ ಬರೀ ಟೇಬಲ್ಲಿನ ಹೆಸರನ್ನು ಕರೆಯುತ್ತದೆ. ಆ ಫಂಕ್ಷನ್ನನ್ನು ಹುಡುಕಾಟವನ್ನು ಚುರುಕುಗೊಳಿಸುವ ಒಂದು ಇಂಡೆಕ್ಸಿನಲ್ಲೋ ಫಲಿತಾಂಶ ಉಳಿಸಿಡುವ ಮೆಟೀರಿಯಲೈಸ್ಡ್ ವ್ಯೂನಲ್ಲೋ ಬಳಸಿದ್ದೀರಿ. ದಿನನಿತ್ಯ ಎಲ್ಲ ಸರಿಯಾಗೇ ನಡೆಯುತ್ತದೆ, ಡಂಪ್ ಕೂಡ ಸರಿಯಾಗಿ ಮುಗಿಯುತ್ತದೆ. ರಿಸ್ಟೋರ್ ಮಾಡುವಾಗ ಮಾತ್ರ ಟೇಬಲ್ ಇಲ್ಲ ಎನ್ನುತ್ತದೆ, ಆ ಇಂಡೆಕ್ಸ್ ಹುಟ್ಟುವುದೇ ಇಲ್ಲ. ಫಂಕ್ಷನ್ನಿಗೆ ಅದರದೇ ಸರ್ಚ್‌ಪಾತ್ ಕಟ್ಟಿಬಿಡಿ, ಇಲ್ಲವೇ ಹೆಸರುಗಳನ್ನು ಸ್ಕೀಮಾ ಸಮೇತ ಬರೆಯಿರಿ. ಇದನ್ನು ಇವತ್ತೇ ಚಾಲ್ತಿಯ ಡೇಟಾಬೇಸಿನಲ್ಲಿ ಮಾಡಬೇಕು. ಅನಾಹುತದ ದಿನ ನಿಮ್ಮ ಕೈಯಲ್ಲಿ ಇರುವುದು ಡಂಪ್ ಫೈಲ್ ಮಾತ್ರ.

ರಿಸ್ಟೋರ್ ಮುಗಿದ ಮೇಲೆ ಅಪ್ಲಿಕೇಶನ್ ಆಮೆಯ ಹಾಗೆ ತೆವಳುತ್ತದೆ ಎನ್ನುವ ದೂರು ಎಲ್ಲೆಡೆ ಕೇಳುತ್ತೇನೆ. 18ನೇ ಆವೃತ್ತಿಗಿಂತ ಹಿಂದಿನ ಪಿಜಿ-ಡಂಪ್, ಡೇಟಾ ಹುಡುಕುವ ದಾರಿ ಆರಿಸುವ ಪ್ಲ್ಯಾನರಿನ ಅಂಕಿಅಂಶಗಳನ್ನು ತರುತ್ತಿರಲಿಲ್ಲ. ರಿಸ್ಟೋರ್ ಆದ ತಕ್ಷಣ, ಅವನ್ನು ಮತ್ತೆ ಕೂಡಿಸುವ ಅನಲೈಜ್ ಓಡಿಸಿ. ಹೇಳಲು ಇಷ್ಟೇ.

ಈಗ ನನಗೆ ಬಹಳ ಮುಖ್ಯ ಅನ್ನಿಸುವ ವಿಷಯಕ್ಕೆ ಬರುತ್ತೇನೆ: ನಮ್ಮ ಕನ್ನಡದ ಡೇಟಾ. ಇಂಗ್ಲಿಷಿನಲ್ಲಿ ಬರೆದ ಯಾವ ಕೈಪಿಡಿಯೂ ನಮ್ಮ ಕಣ್ಣಿನಿಂದ ಇದನ್ನು ನೋಡುವುದಿಲ್ಲ. ಊರಿನ ಹಳೆಯ ಬಡಾವಣೆಯೊಂದರ ಪತ್ತಿನ ಸಹಕಾರ ಸಂಘದ ಸದಸ್ಯರ ಪಟ್ಟಿಯನ್ನು ಇಟ್ಟುಕೊಂಡು ಹೇಳುತ್ತೇನೆ. ಮೈಎಸ್‌ಕ್ಯೂಎಲ್ ಡೇಟಾಬೇಸ್, ಟೇಬಲ್ ಲ್ಯಾಟಿನ್-1 (ಒಂದು ಬೈಟಿಗೆ ಒಂದು ರೋಮನ್ ಅಕ್ಷರ ಎನ್ನುವ ಎನ್‌ಕೋಡಿಂಗ್) ಎಂದು ಹುಟ್ಟಿದ್ದು, ಅಪ್ಲಿಕೇಶನ್ ಕೂಡ ಲ್ಯಾಟಿನ್-1 ಎಂದೇ ಸಂಪರ್ಕ ಮಾಡುತ್ತದೆ. ಅದರೊಳಗೆ ಹೋಗಿರುವುದು ಮಾತ್ರ, ಯುನಿಕೋಡನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8ರ ಕನ್ನಡ. ಒಳಗೆ ಹೋದ ಬೈಟ್‌ಗಳೇ ಹೊರಗೆ ಬರುವುದರಿಂದ ಪರದೆಯ ಮೇಲೆ ಹೆಸರುಗಳು ಚೆನ್ನಾಗಿ ಕಾಣುತ್ತವೆ. ವರ್ಷಗಟ್ಟಲೆ ಯಾರಿಗೂ ಅನುಮಾನ ಬರುವುದಿಲ್ಲ. ಒಂದು ದಿನ ಸರ್ವರ್ ಕೆಡುತ್ತದೆ, ಹೊಸ ಸರ್ವರಿಗೆ ಡಂಪನ್ನು ಹಾಕುತ್ತಾರೆ, ಹೊಸ ಅಪ್ಲಿಕೇಶನ್ ಯುಟಿಎಫ್-8 ಎಂದು ಸಂಪರ್ಕಿಸುತ್ತದೆ. ಪ್ರತಿ ಸದಸ್ಯರ ಹೆಸರಿನ ಜಾಗದಲ್ಲೂ ತಲೆಯ ಮೇಲೆ ಓರೆಗೆರೆ ಹೊತ್ತ ರೋಮನ್ 'ಎ' ಅಕ್ಷರ, ಅದರ ಪಕ್ಕ ಮೇಲಕ್ಕೇರಿದ ಪುಟಾಣಿ 2 ಅಥವಾ 3, ಆಮೇಲೆ ಇನ್ನೊಂದು ಚಿಹ್ನೆ. ಇದೇ ಮೂರರ ಗುಂಪು ಸಾಲುಸಾಲಾಗಿ.

ನಿಮ್ಮಲ್ಲಿ ಹಲವರು ಆ ಚಿತ್ರವನ್ನು ನೋಡಿದ್ದೀರಿ, ತಲೆ ಆಡಿಸುತ್ತಿದ್ದೀರಿ. ಅದು ಎಲ್ಲಿಂದ ಬರುತ್ತದೆ ನೋಡಿ. ಯುನಿಕೋಡ್‌ನಲ್ಲಿ ಕನ್ನಡಕ್ಕೆ ಕೊಟ್ಟಿರುವ 128 ಸ್ಥಾನಗಳಲ್ಲಿ ಪ್ರತಿಯೊಂದಕ್ಕೂ ಯುಟಿಎಫ್-8ರಲ್ಲಿ 3 ಬೈಟ್ ಬೇಕು. 16ರ ಎಣಿಕೆಯಲ್ಲಿ (ಹೆಕ್ಸ್) ಬರೆದರೆ ಮೊದಲ ಬೈಟ್ ಯಾವಾಗಲೂ ಇ0, ಎರಡನೆಯದು ಬಿ2 ಅಥವಾ ಬಿ3. ಈ ಬೈಟ್‌ಗಳನ್ನು ಲ್ಯಾಟಿನ್ ಎಂದು ಓದಿದರೆ ಅದೇ ಓರೆಗೆರೆಯ 'ಎ', ಅದೇ ಪುಟಾಣಿ 2, 3. 'ಮಂಜುನಾಥ' ಎಂಬ ಹೆಸರನ್ನು ತೆಗೆದುಕೊಳ್ಳಿ. ಓದುವವರಿಗೆ 4 ಅಕ್ಷರ. ಯುನಿಕೋಡ್‌ನಲ್ಲಿ 7 ಚಿಹ್ನೆ: ಮ, ಸೊನ್ನೆ, ಜ, ಉಕಾರದ ಕೊಂಬು, ನ, ಆಕಾರದ ದೀರ್ಘ, ಥ. ಬೈಟ್ ಲೆಕ್ಕದಲ್ಲಿ 21. ಈಗ ನಿಮ್ಮ ಟೇಬಲ್ಲಿನಲ್ಲಿ ಇಂಥ ಒಂದು ಹೆಸರನ್ನು ಆರಿಸಿ, ಚಿಹ್ನೆಗಳನ್ನು ಎಣಿಸುವ ಚಾರ್-ಲೆಂಗ್ತ್ ಕೇಳಿ. 7 ಬಂದರೆ ಎಲ್ಲ ಸರಿ. 21 ಬಂದರೆ ನಿಮ್ಮ ಡೇಟಾಬೇಸಿಗೆ ಅದು ಕನ್ನಡ ಎಂದೇ ಗೊತ್ತಿಲ್ಲ. ಆ 21ನ್ನೂ ಬೇರೆ ಬೇರೆ ಅಕ್ಷರ ಎಂದುಕೊಂಡು ಡಂಪ್ ಮಾಡುವಾಗ ಮತ್ತೊಮ್ಮೆ ಯುಟಿಎಫ್-8ಕ್ಕೆ ತಿರುಗಿಸುತ್ತದೆ. ಒಂದು ಹೆಸರಿಗೆ 42 ಬೈಟ್‌ಗಿಂತ ಕಡಿಮೆ ಇರುವುದಿಲ್ಲ.

ಬಿಡಿಸುವ ದಾರಿ ಇದೆ. ಹಳೆಯ ಸರ್ವರ್ ಬದುಕಿರುವಾಗಲೇ ಡಂಪ್ ಮಾಡುವುದಾದರೆ ಕ್ಯಾರೆಕ್ಟರ್ ಸೆಟ್ ಲ್ಯಾಟಿನ್-1 ಎಂದು ಹೇಳಿ, ಜೊತೆಗೆ ಡಂಪಿನಲ್ಲಿ ಕ್ಯಾರೆಕ್ಟರ್ ಸೆಟ್ಟಿನ ಆದೇಶ ಬರೆಯದಂತೆ ಸ್ಕಿಪ್-ಸೆಟ್-ಚಾರ್‌ಸೆಟ್ ಕೊಡಿ. ಆಗ ಬೈಟ್‌ಗಳು ಇದ್ದ ಹಾಗೇ ಹೊರಬರುತ್ತವೆ. ಆ ಫೈಲಿನಲ್ಲಿ ಟೇಬಲ್ಲುಗಳ ವಿವರಣೆಯಲ್ಲಿರುವ ಲ್ಯಾಟಿನ್-1 ಅನ್ನು ಯುಟಿಎಫ್8ಎಂಬಿ4 (ಮೈಎಸ್‌ಕ್ಯೂಎಲ್‌ನಲ್ಲಿ ಪೂರ್ಣ ಯುಟಿಎಫ್-8ರ ಹೆಸರು) ಎಂದು ಬದಲಿಸಿ ಯುಟಿಎಫ್8ಎಂಬಿ4 ಸಂಪರ್ಕದಲ್ಲೇ ಒಳಗೆ ಹಾಕಿ. ಟೇಬಲ್ಲು ಚಿಕ್ಕದಾಗಿದ್ದರೆ ಇದ್ದಲ್ಲೇ ಕಾಲಮ್ಮನ್ನು ಮೊದಲು ಬೈನರಿಗೆ, ಅಲ್ಲಿಂದ ಯುಟಿಎಫ್8ಎಂಬಿ4ಕ್ಕೆ ತಿರುಗಿಸಬಹುದು. ಮಧ್ಯದ ಬೈನರಿ ಹೆಜ್ಜೆಯನ್ನು ಬಿಟ್ಟರೆ ಮತ್ತೆ ಅದೇ ಗೋಳು.

ಯುಟಿಎಫ್8ಎಂಬಿ4 ಎಂದು ಒತ್ತಿ ಹೇಳಲು ಕಾರಣವಿದೆ. ಮೈಎಸ್‌ಕ್ಯೂಎಲ್ 5.7ರವರೆಗೆ ಡಂಪ್ ಉಪಕರಣ ತಾನಾಗಿ ಆರಿಸಿಕೊಳ್ಳುತ್ತಿದ್ದದ್ದು 3 ಬೈಟಿನ ಹಳೆಯ ಯುಟಿಎಫ್8. ಕನ್ನಡ ಅದರಲ್ಲಿ ಸರಿಯಾಗಿ ಕೂರುತ್ತದೆ, ಹಾಗಾಗಿ ನಮ್ಮ ಪರೀಕ್ಷೆಗಳೆಲ್ಲ ಪಾಸಾಗುತ್ತವೆ. ಗ್ರಾಹಕರು ಬರೆದ ಮೆಸೇಜಿನಲ್ಲಿರುವ ಎಮೋಜಿಗೆ 4 ಬೈಟ್ ಬೇಕು. ಅದು ಪ್ರಶ್ನಾರ್ಥಕ ಚಿಹ್ನೆಯಾಗಿ ಬರುತ್ತದೆ, ಮತ್ತೆ ಸಿಗುವುದಿಲ್ಲ. ಓರೆಗೆರೆಯ 'ಎ'ಗಳನ್ನು ಬಿಡಿಸಬಹುದು, ಯಾಕೆಂದರೆ ಮೂಲ ಬೈಟ್‌ಗಳು ಅಲ್ಲೇ ಅಡಗಿವೆ. ಪ್ರಶ್ನಾರ್ಥಕವಾದದ್ದರಲ್ಲಿ ಏನೂ ಉಳಿದಿಲ್ಲ. ಈ ಎರಡನ್ನೂ ಒಂದೇ ಬಗೆಯ ಹಾಳು ಎಂದು ನೋಡಬೇಡಿ. ಯಾವುದು ಅಂತ ಮೊದಲು ಗುರುತಿಸಿ.

ಒರಾಕಲ್ ಡೇಟಾಬೇಸಿನಲ್ಲಿ ಇದೇ ಕಥೆಗೆ ಬೇರೆ ಮುಖ. ಅಲ್ಲಿ ಪಠ್ಯ ಇಡುವ ವಾರ್‌ಚಾರ್2 ಕಾಲಮ್ಮಿನ ಉದ್ದ, ನೀವು ಬೇರೆ ಹೇಳದಿದ್ದರೆ, ಬೈಟ್ ಲೆಕ್ಕ. ಭಾರತೀಯ ಲಿಪಿಗಳಿಗಿದ್ದ ಐಎಸ್‌ಸಿಐಐ ಕ್ಯಾರೆಕ್ಟರ್ ಸೆಟ್ಟಿನ ಹಳೆಯ ಡೇಟಾಬೇಸಿನಲ್ಲಿ ಒಂದು ಚಿಹ್ನೆಗೆ ಒಂದೇ ಬೈಟ್. 20ರ ಕಾಲಮ್ಮಿನಲ್ಲಿ ಮಂಜುನಾಥ ಆರಾಮಾಗಿ ಕೂತಿದ್ದ. ಯುಟಿಎಫ್-8ರ ಹೊಸ ಡೇಟಾಬೇಸಿಗೆ ಇಂಪೋರ್ಟ್ ಮಾಡಿದರೆ 21 ಬೈಟ್ ಬೇಕು, 20 ಇದೆ. ಜಾಗ ಸಾಲದು ಎನ್ನುವ ಓಆರ್‌ಎ-12899 ದೋಷ ಬಂದು ಆ ಸಾಲು ಹೊರಗುಳಿಯುತ್ತದೆ. ಟೇಬಲ್ಲುಗಳನ್ನು ಮೊದಲೇ ಚಾರ್ ಅಳತೆಯಲ್ಲಿ ಸೃಷ್ಟಿಸಿಟ್ಟು, ಡೇಟಾ ಮಾತ್ರ ಇಂಪೋರ್ಟ್ ಮಾಡುವುದು ಇದಕ್ಕೆ ದಾರಿ. ಇನ್ನು 'ನುಡಿ' ಎಂಬ ಕನ್ನಡ ತಂತ್ರಾಂಶದ ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿ ತುಂಬಿದ ಡೇಟಾ ನಮ್ಮ ಕಚೇರಿಗಳಲ್ಲಿ ಈಗಲೂ ಇದೆ. ಅಲ್ಲಿ ಕನ್ನಡದ ಭಾಗಗಳೆಲ್ಲ ಲ್ಯಾಟಿನ್ ಚಿಹ್ನೆಗಳ ವೇಷದಲ್ಲಿ ಇರುತ್ತವೆ. ಆ ಡೇಟಾಬೇಸನ್ನು ಸ್ಥಳಾಂತರಿಸುವಾಗ ಕ್ಯಾರೆಕ್ಟರ್ ಸೆಟ್ಟನ್ನು ಒಂದಿಷ್ಟೂ ಬದಲಿಸಬೇಡಿ. ಮೊದಲು ಇದ್ದ ಹಾಗೇ ರಿಸ್ಟೋರ್ ಮಾಡಿ, ಆಮೇಲೆ ಪರಿವರ್ತಕದಿಂದ ಯುನಿಕೋಡಿಗೆ ತನ್ನಿ. ಎರಡನ್ನೂ ಒಟ್ಟಿಗೆ ಮಾಡಲು ಹೋದರೆ ಯಾವ ಹಂತದಲ್ಲಿ ಕೆಟ್ಟಿತೆಂದು ಹುಡುಕಲಾಗುವುದಿಲ್ಲ.

ಅಕ್ಷರದ ಮಾತಿನಲ್ಲೇ ಇನ್ನೊಂದು, ವಿಂಗಡಣೆ. ಪೋಸ್ಟ್‌ಗ್ರೆಸ್ ತನ್ನ ಪಠ್ಯ ಇಂಡೆಕ್ಸುಗಳನ್ನು ಜೋಡಿಸಲು ಬಹುತೇಕ ಕಡೆ ಆಪರೇಟಿಂಗ್ ಸಿಸ್ಟಮ್ಮಿನ ಜಿಲಿಬ್‌ಸಿ ಲೈಬ್ರರಿಯನ್ನು ನೆಚ್ಚಿಕೊಂಡಿದೆ. 2018ರಲ್ಲಿ ಬಂದ ಜಿಲಿಬ್‌ಸಿ 2.28ರಲ್ಲಿ ವಿಂಗಡಣೆಯ ಕ್ರಮ ದೊಡ್ಡ ಪ್ರಮಾಣದಲ್ಲಿ ಬದಲಾಯಿತು. ರೆಡ್‌ಹ್ಯಾಟ್ ಲಿನಕ್ಸ್ 7ರಲ್ಲಿ ತೆಗೆದ ಭೌತಿಕ ಬ್ಯಾಕಪ್ಪನ್ನು, ಅಂದರೆ ಫೈಲುಗಳ ನಕಲನ್ನು, ರೆಡ್‌ಹ್ಯಾಟ್ 8ರ ಮೇಲೆ ರಿಸ್ಟೋರ್ ಮಾಡಿದರೆ ಇಂಡೆಕ್ಸ್ ಹಳೆಯ ಕ್ರಮದಲ್ಲಿ ಇರುತ್ತದೆ, ಹುಡುಕುವವರು ಹೊಸ ಕ್ರಮದಲ್ಲಿ ಹುಡುಕುತ್ತಾರೆ. ದೋಷದ ಸಂದೇಶ ಬರಲೇಬೇಕೆಂದಿಲ್ಲ. ಇರುವ ಗ್ರಾಹಕರನ್ನು ಇಲ್ಲ ಎನ್ನುತ್ತದೆ, ಒಂದೇ ಇರಬೇಕಾದ ಸಂಖ್ಯೆ ಎರಡು ಸಲ ಒಳಗೆ ಹೋಗುತ್ತದೆ. ಪಠ್ಯದ ಇಂಡೆಕ್ಸುಗಳನ್ನೆಲ್ಲ ರೀಇಂಡೆಕ್ಸ್ ಮಾಡಿಯೇ ಬಾಗಿಲು ತೆರೆಯಬೇಕು. ಪಿಜಿ-ಡಂಪ್‌ನಿಂದ ತಂದರೆ ಈ ಸಮಸ್ಯೆ ಇಲ್ಲ, ಯಾಕೆಂದರೆ ಅಲ್ಲಿ ಇಂಡೆಕ್ಸ್ ಹೊಸದಾಗಿ ಕಟ್ಟಿಕೊಳ್ಳುತ್ತದೆ.

ಈಗ ಗಡಿಯಾರ. ಇದು ಬೆಂಗಳೂರಿನಲ್ಲಿ ಕೂತು ಕೆಲಸ ಮಾಡುವ ನಮಗೆ ಬಹಳ ಹತ್ತಿರದ್ದು. ಬೆಳಗ್ಗೆ 11 ಗಂಟೆ 40 ನಿಮಿಷಕ್ಕೆ ಯಾರೋ ವೇರ್ (ಯಾವ ಸಾಲು ಎಂಬ ಷರತ್ತು) ಇಲ್ಲದ ಡಿಲೀಟ್ ಓಡಿಸಿದರು ಅನ್ನಿ. ಪೋಸ್ಟ್‌ಗ್ರೆಸ್‌ನ ಬೇಸ್ ಬ್ಯಾಕಪ್ (ಫೈಲುಗಳ ಪೂರ್ತಿ ನಕಲು) ಇದೆ, ಪ್ರತಿ ಬದಲಾವಣೆಯನ್ನೂ ಬರೆದಿಟ್ಟ ವಾಲ್ ಫೈಲುಗಳು ಇವೆ. 11.35ರ ಸ್ಥಿತಿಗೆ ಹಿಂತಿರುಗಬೇಕು. ರಿಕವರಿ ಟಾರ್ಗೆಟ್ ಟೈಮ್‌ನಲ್ಲಿ 11:35 ಎಂದು ಬರೆದು ಓಡಿಸುತ್ತೀರಿ. ಸರ್ವರ್ ಯುಟಿಸಿ ಎಂಬ ಜಾಗತಿಕ ಸಮಯದಲ್ಲಿದೆ. ಯುಟಿಸಿಯ 11.35 ಎಂದರೆ ನಮ್ಮ ಸಂಜೆ 5.05. ಡಿಲೀಟ್ ಆಗಿ 5 ಗಂಟೆ 25 ನಿಮಿಷ ಆದ ಮೇಲಿನ ಹೊತ್ತು. ವಾಲ್ ಅಷ್ಟರವರೆಗೆ ಇದ್ದರೆ ಡಿಲೀಟ್ ಕೂಡ ನಿಷ್ಠೆಯಿಂದ ಮರುಕಳಿಸುತ್ತದೆ. ಇಲ್ಲದಿದ್ದರೆ, 13ನೇ ಆವೃತ್ತಿಯಿಂದ ಈಚೆಗೆ, ಗುರಿ ಮುಟ್ಟುವ ಮೊದಲೇ ರಿಕವರಿ ಮುಗಿಯಿತು ಎಂದು ನಿಲ್ಲುತ್ತದೆ. ಅದಕ್ಕಿಂತ ಹಳೆಯದರಲ್ಲಿ ಇದ್ದಷ್ಟು ಓದಿ ಬಾಗಿಲು ತೆರೆದುಬಿಡುತ್ತಿತ್ತು.

ಹಾಗಾದರೆ ಸಮಯದ ಮುಂದೆ ಐಎಸ್‌ಟಿ ಎಂದು ಬರೆಯೋಣ ಎಂದು ಮುಂದಿನ ಸಾಲಿನಿಂದ ಒಬ್ಬರು ಹೇಳುತ್ತಿದ್ದಾರೆ. ಬೇಡ. ಪೋಸ್ಟ್‌ಗ್ರೆಸ್‌ನ ಪೂರ್ವನಿಗದಿ ಪಟ್ಟಿಯಲ್ಲಿ ಐಎಸ್‌ಟಿ ಎಂದರೆ ಇಸ್ರೇಲಿನ ಸಮಯ, ಯುಟಿಸಿಗಿಂತ 2 ಗಂಟೆ ಮುಂದೆ. ಭಾರತದ ಪಟ್ಟಿಯನ್ನು ಬೇರೆಯಾಗಿ ಹೇಳಿ ಆರಿಸಬೇಕು. ಈ ಸೆಟ್ಟಿಂಗಿನಲ್ಲಿ ಸಂಕ್ಷಿಪ್ತ ಹೆಸರಿಗಿಂತ ಅಂಕಿಯ ಅಂತರವೋ ಟೈಮ್‌ಜೋನಿನ ಪೂರ್ಣ ಹೆಸರೋ ಮೇಲು ಎಂದು ಕೈಪಿಡಿಯೂ ಹೇಳುತ್ತದೆ. ಸಮಯದ ಜೊತೆ +05:30 ಎಂದು ಅಂಕಿಯಲ್ಲೇ ಬರೆಯಿರಿ. ಮೈಎಸ್‌ಕ್ಯೂಎಲ್‌ನ ಬಿನ್‌ಲಾಗ್ (ಬದಲಾವಣೆಗಳ ದಾಖಲೆ) ಓದುವ ಉಪಕರಣದಲ್ಲೂ ಹೀಗೆಯೇ ಒಂದು ತಿರುವು ಇದೆ. ಅಲ್ಲಿ ನಿಲ್ಲಿಸುವ ಸಮಯವನ್ನು ಅದು ಓದುವುದು ನೀವು ಆ ಉಪಕರಣ ಓಡಿಸುವ ಯಂತ್ರದ ಟೈಮ್‌ಜೋನಿನಲ್ಲಿ. ನಿಮ್ಮ ಲ್ಯಾಪ್‌ಟಾಪಿನಲ್ಲಿ ಓಡಿಸಿದರೆ ಒಂದು ಫಲ, ಸರ್ವರಿನಲ್ಲಿ ಓಡಿಸಿದರೆ ಇನ್ನೊಂದು. ಸಮಯವನ್ನು ಹತ್ತಿರಕ್ಕೆ ಹೋಗಲು ಮಾತ್ರ ಬಳಸಿ, ಡಿಲೀಟ್ ಆದ ಜಾಗವನ್ನು ಕಣ್ಣಾರೆ ಹುಡುಕಿ, ಅದರ ಪೊಸಿಶನ್ ಸಂಖ್ಯೆ ಕೊಟ್ಟು ನಿಲ್ಲಿಸಿ.

ಎನ್‌ಕ್ರಿಪ್ಶನ್ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಮೈಕ್ರೋಸಾಫ್ಟಿನ ಎಸ್‌ಕ್ಯೂಎಲ್ ಸರ್ವರಿನಲ್ಲಿ ಟಿಡಿಇ, ಅಂದರೆ ಡೇಟಾ ಫೈಲುಗಳ ಎನ್‌ಕ್ರಿಪ್ಶನ್, ಹಾಕಿದ ಡೇಟಾಬೇಸನ್ನು ಬೇರೆ ಯಂತ್ರದಲ್ಲಿ ರಿಸ್ಟೋರ್ ಮಾಡಲು ಹೋದರೆ ಸರ್ಟಿಫಿಕೇಟ್ ಸಿಗುತ್ತಿಲ್ಲ ಎನ್ನುವ 33111ನೇ ದೋಷ ಬರುತ್ತದೆ. ಒರಾಕಲ್‌ನಲ್ಲಿ ಕೀ ಇಡುವ ವಾಲೆಟ್ ಕೂಡ ಹೀಗೆಯೇ ಡೇಟಾ ಫೈಲುಗಳ ಹೊರಗಿನದು. ಬೀರುವನ್ನು ಹೊತ್ತು ತಂದು ಕೀಲಿಕೈಯನ್ನು ಹಳೆಯ ಮನೆಯಲ್ಲೇ ಬಿಟ್ಟ ಹಾಗೆ. ಇದಕ್ಕೆ ವರ್ಕ್‌ಅರೌಂಡ್ ಇಲ್ಲವೇ ಇಲ್ಲ. ಸರ್ಟಿಫಿಕೇಟನ್ನೂ ಅದರ ಖಾಸಗಿ ಕೀಯನ್ನೂ ಬ್ಯಾಕಪ್ ಮಾಡಿ ಡೇಟಾ ಇಲ್ಲದ ಬೇರೊಂದು ಜಾಗದಲ್ಲಿ ಇಡಬೇಕು.

ಎಸ್‌ಕ್ಯೂಎಲ್ ಸರ್ವರಿನಲ್ಲಿ ನಾನು ಹೆಚ್ಚಾಗಿ ನೋಡುವ ತೊಂದರೆ ಇನ್ನೊಂದು. ಡೇಟಾಬೇಸ್ ತಂಡ ಭಾನುವಾರ ಪೂರ್ಣ ಬ್ಯಾಕಪ್, ದಿನಾ ಡಿಫರೆನ್ಷಿಯಲ್ (ಪೂರ್ಣ ಬ್ಯಾಕಪ್ಪಿನ ನಂತರ ಬದಲಾದದ್ದು ಮಾತ್ರ) ತೆಗೆಯುತ್ತದೆ. ಅತ್ತ ವರ್ಚುವಲ್ ಯಂತ್ರಗಳನ್ನು ನೋಡಿಕೊಳ್ಳುವ ತಂಡ ರಾತ್ರಿ ಸ್ನ್ಯಾಪ್‌ಶಾಟ್ (ಆ ಕ್ಷಣದ ಇಡೀ ಯಂತ್ರದ ಚಿತ್ರ) ತೆಗೆಯುತ್ತದೆ. ಆ ಸ್ನ್ಯಾಪ್‌ಶಾಟ್ ಸಾಫ್ಟ್‌ವೇರ್ ಕಾಪಿ-ಓನ್ಲಿ (ಬರೀ ನಕಲು) ಎಂದು ಹೇಳದೆ ತೆಗೆದರೆ ಎಸ್‌ಕ್ಯೂಎಲ್ ಸರ್ವರ್ ಅದನ್ನೇ ಹೊಸ ಪೂರ್ಣ ಬ್ಯಾಕಪ್ ಎಂದು ಗುರುತು ಹಾಕಿಕೊಳ್ಳುತ್ತದೆ. ನಿಮ್ಮ ಬುಧವಾರದ ಡಿಫರೆನ್ಷಿಯಲ್ ಭಾನುವಾರದ್ದಕ್ಕೆ ಸೇರುವುದಿಲ್ಲ, 3136ನೇ ದೋಷ. ಎರಡು ತಂಡಗಳು ಒಂದೇ ಮಹಡಿಯಲ್ಲಿ ಕೂತಿರುತ್ತವೆ, ಒಮ್ಮೆಯೂ ಮಾತಾಡಿರುವುದಿಲ್ಲ. ಇನ್ನು ರಿಸ್ಟೋರ್ ವೆರಿಫೈ-ಓನ್ಲಿ ಎಂಬ ಆದೇಶವನ್ನು ಪೂರ್ತಿ ನಂಬಬೇಡಿ. ಅದು ಬ್ಯಾಕಪ್ ಓದಲು ಬರುತ್ತದೆಯೇ ಎಂದು ನೋಡುತ್ತದೆ, ಒಳಗಿನ ಡೇಟಾ ಕ್ರಮಬದ್ಧವಾಗಿದೆ ಎಂದು ಹೇಳುವುದಿಲ್ಲ. ಬ್ಯಾಕಪ್ ತೆಗೆಯುವಾಗಲೇ ಚೆಕ್‌ಸಮ್ ಕೊಡಿ, ಬೇರೆ ಯಂತ್ರದಲ್ಲಿ ರಿಸ್ಟೋರ್ ಮಾಡಿ ಅಲ್ಲಿ ಒಳಗಿನ ಡೇಟಾ ಪರೀಕ್ಷಿಸುವ ಡಿಬಿಸಿಸಿ ಚೆಕ್‌ಡಿಬಿ ಓಡಿಸಿ.

ಒರಾಕಲ್‌ನವರಿಗೆ ಎರಡು ಮಾತು. ಬ್ಯಾಕಪ್, ಲಾಗು ಇಡುವ ರಿಕವರಿ ಏರಿಯಾ ತುಂಬಿ ಡೇಟಾಬೇಸ್ ನಿಂತಾಗ ಯಾರೋ ಗಾಬರಿಯಲ್ಲಿ ಆರ್ಕೈವ್ ಲಾಗುಗಳನ್ನು (ಬದಲಾವಣೆಗಳ ದಾಖಲೆಗಳನ್ನು) ಆಪರೇಟಿಂಗ್ ಸಿಸ್ಟಮ್ಮಿನಿಂದಲೇ ಅಳಿಸುತ್ತಾರೆ. ಡಿಸ್ಕ್ ಖಾಲಿಯಾಗುತ್ತದೆ, ಆದರೂ ಒರಾಕಲ್ ತುಂಬಿದೆ ಎಂದೇ ಹೇಳುತ್ತದೆ, ಯಾಕೆಂದರೆ ಲೆಕ್ಕ ಇರುವುದು ಕಂಟ್ರೋಲ್ ಫೈಲಿನಲ್ಲಿ. ಒರಾಕಲ್‌ನ ಬ್ಯಾಕಪ್ ಉಪಕರಣ ಆರ್‌ಮ್ಯಾನ್‌ನಲ್ಲಿ ಕ್ರಾಸ್‌ಚೆಕ್ ಮಾಡಿ, ಎಕ್ಸ್‌ಪೈರ್ಡ್ ಆದವನ್ನು ಡಿಲೀಟ್ ಮಾಡಿದರೆ ಲೆಕ್ಕ ಸರಿಹೋಗುತ್ತದೆ. ಕೂಡಲೇ ಹೊಸ ಪೂರ್ಣ ಬ್ಯಾಕಪ್ ತೆಗೆಯಿರಿ. ಅಳಿಸಿದ ಲಾಗುಗಳು ಬ್ಯಾಕಪ್ ಆಗಿರದಿದ್ದರೆ ಹಳೆಯ ಬ್ಯಾಕಪ್ ಅಲ್ಲಿಗೇ ತುಂಡಾಗಿದೆ. ಎರಡನೆಯದು, ಬ್ಯಾಕಪ್ಪುಗಳ ಪಟ್ಟಿ ಇಡುವ ಬೇರೆ ಕ್ಯಾಟಲಾಗ್ ಇಲ್ಲದೆ ಕಂಟ್ರೋಲ್ ಫೈಲನ್ನೇ ನೆಚ್ಚಿಕೊಂಡಿದ್ದರೆ, ಅದರ ನೆನಪು ಪೂರ್ವನಿಗದಿಯಲ್ಲಿ 7 ದಿನದ್ದು. 30 ದಿನದ ಬ್ಯಾಕಪ್ ಡಿಸ್ಕಿನಲ್ಲಿ ಇದ್ದರೂ ಹಳೆಯವುಗಳ ದಾಖಲೆ ಅಳಿಸಿಹೋಗಿರಬಹುದು. ಕಂಟ್ರೋಲ್ ಫೈಲ್ ರೆಕಾರ್ಡ್ ಕೀಪ್ ಟೈಮ್ ಅನ್ನು ನಿಮ್ಮ ಅವಧಿಗಿಂತ ಹೆಚ್ಚಿಗೆ ಇಡಿ.

ಪ್ರೋಗ್ರಾಮಿನ ಕೋಡ್ ಇಡುವ ತಾಣ ಗಿಟ್‌ಲ್ಯಾಬ್‌ನ ಕಥೆ ಹೇಳದೆ ಈ ವಿಷಯ ಮುಗಿಯುವುದಿಲ್ಲ. 2017ರ ಜನವರಿ 31. ಎರಡನೇ ಸರ್ವರಿನ ರೆಪ್ಲಿಕೇಶನ್, ಅಂದರೆ ಮುಖ್ಯ ಸರ್ವರಿನಿಂದ ನಕಲಾಗುತ್ತಿರುವುದು, ನಿಂತಿತ್ತು. ಮತ್ತೆ ನಕಲು ಮಾಡಲು ಪಿಜಿ-ಬೇಸ್‌ಬ್ಯಾಕಪ್ ಓಡಿಸಿದರೆ ಅದು ಮಾತಿಲ್ಲದೆ ಕೂತಿತು. ಮುಖ್ಯ ಸರ್ವರ್ ಡೇಟಾ ಕಳಿಸಲು ಶುರುಮಾಡುವವರೆಗೆ ಹಾಗೆ ಸುಮ್ಮನೆ ಕಾಯುವುದು ಅದರ ಸ್ವಭಾವ. ಅದು ಗೊತ್ತಿಲ್ಲದೆ, ಹಳೆಯ ಫೈಲುಗಳೇ ಅಡ್ಡಿ ಎಂದುಕೊಂಡು ಎಂಜಿನಿಯರ್ ಡೇಟಾ ಡೈರೆಕ್ಟರಿಯನ್ನು ಅಳಿಸಿದರು. ಅಳಿಸಿದ್ದು ಮುಖ್ಯ ಸರ್ವರಿನಲ್ಲಿ. ಒಂದೆರಡು ಸೆಕೆಂಡಿನಲ್ಲಿ ನಿಲ್ಲಿಸುವ ಹೊತ್ತಿಗೆ ಸುಮಾರು 300 ಜಿಬಿಯಲ್ಲಿ 4.5 ಜಿಬಿ ಉಳಿದಿತ್ತು. ದಿನದ ಡಂಪ್ ಹುಡುಕಿದರೆ ಇಲ್ಲ. ಡೇಟಾಬೇಸ್ 9.6, ಡಂಪ್ ಉಪಕರಣ 9.2, ಹೊಸ ಸರ್ವರನ್ನು ಹಳೆಯ ಪಿಜಿ-ಡಂಪ್ ಮುಟ್ಟುವುದಿಲ್ಲ, ಪ್ರತಿದಿನ ದೋಷ ಹೇಳಿ ನಿಂತಿದೆ. ಆ ದೋಷದ ಮೇಲ್‌ಗಳಿಗೆ ಡಿಮಾರ್ಕ್, ಅಂದರೆ ಕಳಿಸಿದವರನ್ನು ದೃಢಪಡಿಸುವ ವ್ಯವಸ್ಥೆ, ಬೇಡುವ ಸಹಿ ಇಲ್ಲದ್ದರಿಂದ ಅವು ತಲುಪಿಯೇ ಇರಲಿಲ್ಲ. ಕೊನೆಗೆ ಕೈಗೆ ಸಿಕ್ಕಿದ್ದು ಬೇರೆ ಉದ್ದೇಶಕ್ಕೆ 6 ಗಂಟೆ ಮೊದಲು ತೆಗೆದಿದ್ದ ಒಂದು ಸ್ನ್ಯಾಪ್‌ಶಾಟ್. ಸುಮಾರು 5000 ಪ್ರಾಜೆಕ್ಟ್, 5000 ಕಮೆಂಟ್, 700 ಹೊಸ ಬಳಕೆದಾರರ ದಾಖಲೆ ಹೋಯಿತು. ಅವರು ಇದನ್ನು ಮುಚ್ಚಿಡದೆ ಎಲ್ಲರ ಮುಂದೆ ಬರೆದಿಟ್ಟರು. ಅದಕ್ಕಾಗಿ ನಾನು ಅವರನ್ನು ಮನಸಾರೆ ಗೌರವಿಸುತ್ತೇನೆ. ಬೇಸ್‌ಬ್ಯಾಕಪ್ ಓಡಿಸುವಾಗ ಚೆಕ್‌ಪಾಯಿಂಟ್ ಫಾಸ್ಟ್, ಪ್ರೋಗ್ರೆಸ್ ಎಂಬ ಎರಡು ಆಯ್ಕೆ ಕೊಟ್ಟರೆ ಆ ಮೌನ ಬಹಳಷ್ಟು ಕಡಿಮೆಯಾಗುತ್ತದೆ.

ಜಾಗದ ಬಗ್ಗೆಯೂ ಒಂದು ಮಾತು. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಒವಿಎಚ್ ಕಂಪನಿಯ ಒಂದು ಡೇಟಾ ಸೆಂಟರ್ ಸುಟ್ಟುಹೋಯಿತು. ಬ್ಯಾಕಪ್ಪನ್ನೂ ಅದೇ ಆವರಣದಲ್ಲಿ ಇಟ್ಟಿದ್ದವರಿಗೆ ಏನೂ ಉಳಿಯಲಿಲ್ಲ. ನಮ್ಮಲ್ಲಿ ಬೆಂಕಿಯಷ್ಟೇ ನೀರಿನ ಭಯವೂ ಇದೆ. 2022ರ ಸೆಪ್ಟೆಂಬರಿನಲ್ಲಿ ಹೊರವರ್ತುಲ ರಸ್ತೆಯ ಟೆಕ್ ಪಾರ್ಕುಗಳಿಗೆ ಜನ ಟ್ರ್ಯಾಕ್ಟರಿನಲ್ಲಿ ಹೋದದ್ದು ನಿಮಗೆ ನೆನಪಿದೆ. ಸರ್ವರ್ ಬೆಳ್ಳಂದೂರಿನಲ್ಲಿ, ಬ್ಯಾಕಪ್ ಮಾರತಹಳ್ಳಿಯಲ್ಲಿ ಇಟ್ಟು ಎರಡು ಜಾಗ ಎನ್ನುವವರಿದ್ದಾರೆ. ಮಳೆಗೆ ಅದು ಒಂದೇ ಜಾಗ. ದೂರಕ್ಕೆ ಕಳಿಸಿದರೆ ವಾಪಸ್ ತರುವ ಲೆಕ್ಕವನ್ನೂ ಹಾಕಿ. 1 ಗಿಗಾಬಿಟ್ ಲಿಂಕ್ ಪೂರ್ತಿ ಸಿಕ್ಕರೂ ಸೆಕೆಂಡಿಗೆ 125 ಎಂಬಿ. 2 ಟಿಬಿ ಇಳಿಯಲು ನಾಲ್ಕೂವರೆ ಗಂಟೆ ಹತ್ತಿರ. 100 ಮೆಗಾಬಿಟ್ ಆದರೆ ಸುಮಾರು 44 ಗಂಟೆ. ನಿಮ್ಮ ಮ್ಯಾನೇಜರಿಗೆ ಎರಡು ಗಂಟೆಯಲ್ಲಿ ಎಬ್ಬಿಸುತ್ತೇವೆ ಎಂದು ಮಾತು ಕೊಟ್ಟಿದ್ದರೆ ಈ ಅಂಕಿ ತೋರಿಸಿ.

ಹಿಂದಿನಿಂದ ಒಂದು ಪ್ರಶ್ನೆ: ನಾವು ಕ್ಲೌಡಿನ ಆರ್‌ಡಿಎಸ್ (ಅಮೆಜಾನ್ ನಡೆಸಿಕೊಡುವ ಡೇಟಾಬೇಸ್ ಸೇವೆ) ಬಳಸುತ್ತೇವೆ, ಇದೆಲ್ಲ ನಮಗೆ ಬೇಕೇ? ಒಳ್ಳೆಯ ಪ್ರಶ್ನೆ. ಡಿಸ್ಕು, ಲಾಗು, ವೇಳಾಪಟ್ಟಿ ಇವುಗಳ ಚಿಂತೆ ತಪ್ಪುತ್ತದೆ ನಿಜ. ಆದರೆ ಅಲ್ಲಿ ಸ್ವಯಂಚಾಲಿತ ಬ್ಯಾಕಪ್ ಹೆಚ್ಚೆಂದರೆ 35 ದಿನ ಉಳಿಯುತ್ತದೆ. ಇನ್‌ಸ್ಟನ್ಸ್ (ಓಡುತ್ತಿರುವ ಡೇಟಾಬೇಸ್ ಸರ್ವರ್) ಅಳಿಸುವಾಗ ಉಳಿಸಿಕೊಳ್ಳಿ ಎಂದು ಹೇಳದಿದ್ದರೆ ಅದರ ಜೊತೆಗೇ ಹೋಗುತ್ತದೆ. ಕೈಯಾರೆ ತೆಗೆದ ಸ್ನ್ಯಾಪ್‌ಶಾಟ್ ಮಾತ್ರ ಉಳಿಯುತ್ತದೆ. ರಿಸ್ಟೋರ್ ಯಾವಾಗಲೂ ಹೊಸ ಇನ್‌ಸ್ಟನ್ಸ್ ಆಗಿಯೇ ಏಳುತ್ತದೆ, ಹೊಸ ವಿಳಾಸದೊಂದಿಗೆ. ನೀವು ಆರಿಸದಿದ್ದರೆ ಪ್ಯಾರಾಮೀಟರ್ ಗ್ರೂಪ್ (ಸೆಟ್ಟಿಂಗುಗಳ ಕಟ್ಟು) ಕೂಡ ಡೀಫಾಲ್ಟ್ ಬಂದು ಕೂರುತ್ತದೆ. ಆಗ ನೀವು ಕಷ್ಟಪಟ್ಟು ಹಾಕಿದ್ದ ಕ್ಯಾರೆಕ್ಟರ್ ಸೆಟ್, ಟೈಮ್‌ಜೋನ್ ಸೆಟ್ಟಿಂಗುಗಳು ಇರುವುದಿಲ್ಲ. ಇಷ್ಟು ಹೊತ್ತು ಹೇಳಿದ ಅಕ್ಷರದ, ಗಡಿಯಾರದ ಎರಡೂ ತೊಂದರೆಗಳು ಅಲ್ಲಿಗೂ ಬಂದವು. ಮತ್ತೆ, ಇನ್‌ಸ್ಟನ್ಸ್ ಸಿದ್ಧ ಎಂದು ತೋರಿಸಿದರೂ ಡೇಟಾದ ಬ್ಲಾಕುಗಳು ಅಮೆಜಾನ್‌ನ ಶೇಖರಣಾ ಸೇವೆ ಎಸ್3ಯಿಂದ ಕೇಳಿದಾಗ ಮಾತ್ರ ಇಳಿಯುತ್ತಿರುತ್ತವೆ, ಮೊದಲ ಓದು ಬಹಳ ನಿಧಾನ. ದೊಡ್ಡ ಟೇಬಲ್ಲುಗಳನ್ನು ಒಮ್ಮೆ ಪೂರ್ತಿ ಓದಿಸಿ, ಚಾರ್-ಲೆಂಗ್ತ್ ಒಂದು ಸಲ ಕೇಳಿ, ಸರ್ವರಿನ ಗಡಿಯಾರ ನೋಡಿ, ಆಮೇಲೆ ಅಪ್ಲಿಕೇಶನ್ನಿನ ವಿಳಾಸ ಬದಲಿಸಿ. ವಿಳಾಸ ಬದಲಿಸುವ ಅನುಮತಿ ನಿಮ್ಮ ತಂಡದಲ್ಲಿ ಯಾರಿಗಿದೆ ಎನ್ನುವುದನ್ನು ಮಾತ್ರ ಈ ವಾರವೇ ಕೇಳಿಕೊಳ್ಳಿ.